ಬಾತಿಯಾ ರನ್ಸಿಯ ಪಾಳಿ

ಪೋರ್ಟ್‌ಗಾರ್ವಿ ಗ್ರಾಮದ ಸಮಸ್ತ ನಿವಾಸಿಗಳಿಗೆ, ಮೀನುಗಾರರಿಗೆ, ಮಾಜಿ ಮೀನುಗಾರರಿಗೆ, ಹಾಗೂ ಬೇಸಿಗೆಯಲ್ಲಿ ಮಾತ್ರ ಬಂದು ನಮ್ಮ ಕಡಲನ್ನು ಹೊಗಳಿ ಹೋಗುವ ಮಹನೀಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಚರ್ಚಿನ ಸ್ಮಶಾನದ ಕಾವಲುಮನೆಯಲ್ಲಿ ಕೋಟು ನೇತುಹಾಕುವ ಹಿತ್ತಾಳೆಯ ಕೊಕ್ಕೆಯು ಸಡಿಲಗೊಂಡಿದ್ದು, ಸದರಿ ಕೊಕ್ಕೆಯನ್ನು ಎರಡು ಹೊಸ ಸ್ಕ್ರೂಗಳ ಮೂಲಕ ಭದ್ರಪಡಿಸಲಾಗಿದೆ. ಯಾರೂ ಗಾಬರಿಯಾಗತಕ್ಕದ್ದಲ್ಲ. ಸಹಿ, ಮಿನಾ ವಾಟ್, ಚರ್ಚಿನ ಬೀಗದಕೈಯವರು.

ಈ ಪ್ರಕಟಣೆ ಅಂಚೆ ಕಚೇರಿಯ ಕಿಟಕಿಯಲ್ಲಿ ಕಂಡ ದಿನ ಊರಿನಲ್ಲಿ ಒಬ್ಬರೂ ನಗಲಿಲ್ಲ. ಕೊಕ್ಕೆ ಯಾಕೆ ಸಡಿಲವಾಯಿತು ಎಂದು ಒಬ್ಬರೂ ಕೇಳಲಿಲ್ಲ. ಅದಕ್ಕೆ ನೇತುಹಾಕಿದ್ದ ಕೋಟು ಯಾರದ್ದೆಂದು ಎಲ್ಲರಿಗೂ ಗೊತ್ತಿತ್ತು.

ಇನ್ನೂರು ವರ್ಷದ ಕೆಳಗೆ ವೈದ್ಯಕೀಯ ಕಾಲೇಜುಗಳಿಗೆ ಹೆಣ ಕದ್ದು ಮಾರುವವರ ಕಾಟ ಹೆಚ್ಚಾಗಿ, ನಮ್ಮ ಹಿರಿಯರು ಸ್ಮಶಾನದ ಗೇಟಿನ ಒಳಬದಿಗೇ ಒಂದು ಕಲ್ಲಿನ ಕಾವಲುಮನೆ ಕಟ್ಟಿದರು. ಕಳ್ಳರು ಹೋದರು. ಬದುಕಿದ್ದವರು ಚಳಿ ತಡೆಯಲಾರದೆ ಮನೆಗೆ ಹೋದರು. ಆದರೆ ಕಾವಲು ಹೋಗಲಿಲ್ಲ. ಚಳಿಯ ತಕರಾರು ಇಲ್ಲದ ಸತ್ತವರ ಪಾಲಿಗೆ ಬಿತ್ತು. ಕೊನೆಯಲ್ಲಿ ಮಣ್ಣಾದವರು, ಮುಂದಿನವರು ಬರುವ ತನಕ ಪಾಳಿ ಮಾಡಬೇಕು. ಮನೆಯವರು ಅವರ ಕೋಟನ್ನು ತಂದು ಕೊಕ್ಕೆಗೆ ಹಾಕುತ್ತಾರೆ. ಮುಂದಿನ ಹೆಣ ಬಂದ ದಿನ ಹಳೆಯ ಕೋಟು ಇಳಿಯುತ್ತದೆ, ಹೊಸದು ಏರುತ್ತದೆ, ಹಳಬರು ಮಲಗುತ್ತಾರೆ. ಪಾದ್ರಿಗಳು ಇದನ್ನು ನಂಬುವುದಿಲ್ಲ. ಆದರೆ ಅವರ ತಾಯಿ ತೀರಿಕೊಂಡಾಗ ಕೋಟಿಗೆ ಇಸ್ತ್ರಿ ಮಾಡಿ ತಂದಿದ್ದರು.

ಫೆಬ್ರವರಿಯಿಂದ ಅಲ್ಲಿ ತೂಗುತ್ತಿದ್ದದ್ದು ಬಾತಿಯಾ ರನ್ಸಿಯ ನೀಲಿ ಮಳೆಕೋಟು. ಬಾತಿಯಾ ಎಂಥ ಹೆಂಗಸೆಂದರೆ, ಜನ್ಮದಲ್ಲಿ ಒಂದು ಬಸ್ಸಿಗೆ ಕಾದವಳಲ್ಲ. ಸ್ಟಾಪಿನಲ್ಲಿ ಬಸ್ಸು ಕಾಣದಿದ್ದರೆ ನಡೆಯಲು ಶುರು ಮಾಡುತ್ತಿದ್ದಳು. ಹಿಂದಿನಿಂದ ಬಂದ ಬಸ್ಸೇ ಅವಳ ಪಕ್ಕ ನಿಂತು, ಹತ್ತಿ ತಾಯಿ ಎಂದು ಬೇಡಬೇಕಿತ್ತು. ಅಂಥವಳ ಪಾಳಿಯಲ್ಲಿ ಊರಿಗೆ ಆಯುಸ್ಸು ಉಕ್ಕಿ ಬಂತು. ಮಾರ್ಚಿನಲ್ಲಿ ಯಾರೂ ಸಾಯಲಿಲ್ಲ. ಏಪ್ರಿಲಿನಲ್ಲಿ ಇಬ್ಬರು ಹಾಸಿಗೆ ಹಿಡಿದು, ಇಬ್ಬರೂ ಎದ್ದು ಕೂತು ಬೆಣ್ಣೆ ಹಚ್ಚಿದ ಓಟ್ಸ್ ರೊಟ್ಟಿ ಕೇಳಿದರು.

ಮೇ ತಿಂಗಳಲ್ಲಿ ಕೌನ್ಸಿಲಿನ ಯೋಜನೆ ಬಂತು. ಎಂಬತ್ತನಾಲ್ಕು ಪುಟ, ಬಣ್ಣದ ನಕ್ಷೆ, ಮುಖಪುಟದಲ್ಲಿ ಕಡಲಹಕ್ಕಿ. ಹೆಸರು: ಕರಾವಳಿ ಸ್ಮಶಾನಗಳ ಸುವ್ಯವಸ್ಥಿತ ವಿಶ್ರಾಂತಿ. ಕಡಲು ಸ್ಮಶಾನವಿರುವ ದಿಬ್ಬವನ್ನು ವರ್ಷಕ್ಕೆ ಎರಡು ಗಜದಂತೆ ತಿನ್ನುತ್ತಿರುವುದರಿಂದ ಅಕ್ಟೋಬರ್ ಮೂವತ್ತೊಂದರ ಸಂಜೆ ನಾಲ್ಕಕ್ಕೆ ನಮ್ಮ ಸ್ಮಶಾನವನ್ನು ಶಾಶ್ವತವಾಗಿ ಮುಚ್ಚಲಾಗುವುದು. ಆಮೇಲೆ ಅಲ್ಲಿ ಯಾರಿಗೂ ಮಣ್ಣು ತೆಗೆಯುವ ಹಾಗಿಲ್ಲ, ಸ್ವಂತ ಜಾಗ ಇದ್ದವರಿಗೂ ಇಲ್ಲ. ಬದಲಿಗೆ ಆರು ಮೈಲಿ ದೂರದ ಗುಡ್ಡದ ಮೇಲೆ, ಪಾರ್ಕಿಂಗ್ ಸಮೇತ, ಹೊಸ ಜಾಗ.

ಅಂದರೆ ಅಷ್ಟರೊಳಗೆ ಯಾರಾದರೂ ಬರದಿದ್ದರೆ ಬಾತಿಯಾಳೇ ಕೊನೆಯವಳು. ಅವಳ ಪಾಳಿಗೆ ಕೊನೆ ಇಲ್ಲ.

ಅವಳ ಗಂಡ ವಾಟಿ ಆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಡಾಡ್ ಲೋವಿಯ ಪಬ್ಬಿಗೆ ಬಂದ. ವಾಟಿಗೆ ಎಪ್ಪತ್ತೆಂಟು, ದೋಣಿ ಕಟ್ಟುವ ಕೆಲಸದಿಂದ ನಿವೃತ್ತ, ಕಲ್ಲಿನಂಥ ಆರೋಗ್ಯ. ಡಾಡ್ ಕೇಳದೆಯೇ ಒಂದು ವಿಸ್ಕಿ ಮುಂದಿಟ್ಟ. ಮೂಲೆಯಲ್ಲಿ ಮಿನಾ ತನ್ನ ಬೀಗದಕೈ ಗೊಂಚಲನ್ನು ಮೇಜಿನ ಮೇಲಿಟ್ಟುಕೊಂಡು ಹೊಗೆಮೀನಿನ ಸಾರು ಕುಡಿಯುತ್ತಿದ್ದಳು.

"ಡಾಡ್, ಅಕ್ಟೋಬರ್ ಒಳಗೆ ಯಾರೂ ಹೋಗ್ಲಿಲ್ಲ ಅಂದ್ರೆ ಏನಪ್ಪಾ ಗತಿ?"

"ಯಾರೂ ಅಂತ ಹೇಳ್ವಾಗ ನನ್ನ ಮುಖ ನೋಡ್ಬೇಡ ಮಾರಾಯ. ಗ್ಲಾಸು ಕೈ ಜಾರುತ್ತೆ."

"ಅವಳಿಗೆ ಅಲ್ಲಿ ಏನು ಕೆಲಸ ಹೇಳು? ಏನು ನೋಡ್ತಿರ್ತಾಳೆ ಅವಳು?"

"ನಮ್ಮನ್ನ," ಎಂದ ಡಾಡ್. "ಯಾರು ಎಷ್ಟು ಕುಡಿದ್ರು, ಯಾರು ಯಾರ ಮನೆಯಿಂದ ಹೊರಗೆ ಬಂದ್ರು. ಬದುಕಿದ್ದಾಗ ಮಾಡಿದ್ದೂ ಅದನ್ನೇ ಅಲ್ವ?"

"ಥೂ, ನಿನ್ನ ಬಾಯಿಗಿಷ್ಟು," ಎಂದಳು ಮಿನಾ. "ಅವಳು ಒಳಗೆ ಮಲಗಿರೋರನ್ನ ಕಾಪಾಡ್ತಾಳೆ ಕಣೋ. ಮಕ್ಕಳು ಮಲಗಿದ್ಮೇಲೆ ತಾಯಿ ಒಂದು ಸಲ ಕೋಣೆಗೆ ಹೋಗಿ ನೋಡಿ ಬರಲ್ವ, ಹಾಗೆ."

ವಾಟಿ ವಿಸ್ಕಿ ಮುಟ್ಟಲಿಲ್ಲ. "ನನಗೆ ಹಾಗನ್ಸಲ್ಲ. ಅವಳು ಮುಂದಿನವರು ಯಾವಾಗ ಬರ್ತಾರೆ ಅಂತ ದಾರಿ ನೋಡ್ತಿದ್ದಾಳೆ. ಅಷ್ಟೇ. ಬೇರೆ ಏನೂ ನೋಡ್ತಿಲ್ಲ."

ನಮ್ಮ ಇಂಗ್ಲಿಷಿನ ತಾಪತ್ರಯವೇ ಇದು: ಕಾಯುವುದಕ್ಕೂ ಹೊಂಚುವುದಕ್ಕೂ ದಾರಿ ನೋಡುವುದಕ್ಕೂ 'ವಾಚ್' ಒಂದೇ ಮಾತು. ಕಣ್ಣು ಅದೇ, ನೋಟ ಅದೇ. ಅದರ ಹಿಂದೆ ಬಾಲದಂತೆ ಕಟ್ಟುವ ಚೋಟುದ್ದದ ಮಾತು ಬದಲಾದರೆ ಕಾವಲುಗಾರ ಬೇಹುಗಾರನಾಗುತ್ತಾನೆ. ತೊಟ್ಟಿಲ ಪಕ್ಕದ ತಾಯಿ ನೋಡುವುದು ಮಗು ಬೀಳದಿರಲಿ ಎಂದು. ಅಂಗಡಿಯವನು ನೋಡುವುದು ಗಿರಾಕಿ ಏನಾದರೂ ಜೇಬಿಗಿಳಿಸಿಯಾನು ಎಂದು. ಇಬ್ಬರ ಕಣ್ಣೂ ಎದುರಿಗಿರುವುದರ ಮೇಲೆ. ಆದರೆ ಬಸ್ ಸ್ಟಾಪಿನಲ್ಲಿ ನಿಂತವನ ಕಣ್ಣು ಇನ್ನೂ ಬಾರದ್ದರ ಮೇಲೆ. ಪಕ್ಕದಲ್ಲಿ ಆನೆ ಹಾದುಹೋದರೂ ಅವನಿಗೆ ಕಾಣುವುದಿಲ್ಲ. ಊರು ಅಂದಿನಿಂದ ಮೂರು ಪಂಗಡವಾಯಿತು. ಡಾಡನ ಪಂಗಡದವರು ಸ್ಮಶಾನದ ರಸ್ತೆಯಲ್ಲಿ ಸಭ್ಯರಾಗಿ ನಡೆಯತೊಡಗಿದರು. ಮಿನಾಳ ಪಂಗಡದವರು ನಿಶ್ಚಿಂತೆಯಿಂದಿದ್ದರು. ವಾಟಿಯ ಪಂಗಡದಲ್ಲಿ ವಾಟಿ ಒಬ್ಬನೇ.

ಅವನು ದಿನಾ ಬೆಳಿಗ್ಗೆ ಹೋಗಿ ಕೋಟು ಮುಟ್ಟಿ ನೋಡುತ್ತಿದ್ದ. ಜೂನಿನಲ್ಲಿ ಮೂರು ವಾರ ಮಳೆಯಿಲ್ಲ, ಮಂಜೂ ಇಲ್ಲ. ಆದರೂ ಕೋಟಿನ ಅಂಚು ಒಂದು ಗೇಣಿನಷ್ಟು ಎತ್ತರಕ್ಕೆ ಒದ್ದೆ. ಹೆಗಲ ಮೇಲೆ ಉಪ್ಪಿನ ಪುಡಿ. ಒಂದು ದಿನ ಗೇಟಿನ ಒಳಗೆ ಎರಡೇ ಎರಡು ಕಡೆ ಹುಲ್ಲು ಸತ್ತದ್ದು ಅವನ ಕಣ್ಣಿಗೆ ಬಿತ್ತು. ಅಕ್ಕಪಕ್ಕ ಎರಡು ಕಲೆ, ಹೆಂಗಸಿನ ಪಾದದಷ್ಟು ಉದ್ದ. ಅವನು ಮಿನಾಳನ್ನು ಕರೆದು ತೋರಿಸಿದ.

"ಬೆರಳು ಯಾವ ಕಡೆಗಿದೆ ಹೇಳು. ರಸ್ತೆ ಕಡೆಗೋ, ಸಮಾಧಿ ಕಡೆಗೋ?"

ಮಿನಾ ಕನ್ನಡಕ ಹಾಕಿಕೊಂಡು ಬಗ್ಗಿದಳು. ಬಗ್ಗಿದವಳು ತಟ್ಟನೆ ಎದ್ದು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಯಾರಿಗೋ ದಾರಿ ಬಿಡುವವಳಂತೆ.

"ಮೊಲ ತಿಂದಿರ್ಬೇಕು ಬಿಡು," ಎಂದಳು. ಆದರೆ ಅವತ್ತಿನಿಂದ ಅವಳ ನಾಯಿ ಆ ಗೇಟು ದಾಟಲಿಲ್ಲ.

ವಾಟಿ ಬದಲಾದದ್ದು ಆಮೇಲೆ. ಒಳ್ಳೆಯ ಮನುಷ್ಯ, ಇರುವೆ ತುಳಿಯುವವನಲ್ಲ. ಆದರೆ ಅಂಚೆ ಕಚೇರಿಯ ಸಾಲಿನಲ್ಲಿ ಯಾರಾದರೂ ಕೆಮ್ಮಿದರೆ ಅವನ ತಲೆ ತಾನಾಗಿ ಆ ಕಡೆ ತಿರುಗುತ್ತಿತ್ತು. ಏಣಿ ಹತ್ತಿದವರನ್ನು ಕೆಳಗೆ ನಿಂತು ನೋಡುತ್ತಿದ್ದ. ಸೂರು ರಿಪೇರಿ ಮಾಡುವವನೊಬ್ಬ ಅರ್ಧಕ್ಕೇ ಕೆಲಸ ಬಿಟ್ಟು ಇಳಿದ. ಹೆಂಗಸರು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯತೊಡಗಿದರು. ಒಂದು ಮಧ್ಯಾಹ್ನ ಡಾಡ್ ತಡೆಯಲಾರದೆ ಹೇಳಿಯೇಬಿಟ್ಟ: "ವಾಟಿ, ನೀನು ನನ್ನ ಮೂಗಿನ ಬಣ್ಣ ನೋಡೋದು ಬಿಟ್ರೆ ನಿನಗೆ ಇವತ್ತಿನದು ಬಿಟ್ಟಿ."

ವಾಟಿ ನಾಚಿಕೊಂಡು ಎದ್ದುಹೋದ. ನೇರ ಊರಂಚಿನ ವೃದ್ಧರ ಆರೈಕೆ ಮನೆಗೆ ಹೋಗಿ ಎಕ್ ಸ್ಲೇಟರನ ಮುಂದೆ ಕೂತು ಎಲ್ಲ ಹೇಳಿಕೊಂಡ.

ಎಕ್‌ಗೆ ತೊಂಬತ್ತಮೂರು. ಮದುವೆಯಿಲ್ಲ, ಹಲ್ಲಿಲ್ಲ, ಬಾಯಿಗೆ ಬೀಗವೂ ಇಲ್ಲ. ನಲವತ್ತು ವರ್ಷ ಮೀನು ಹಡಗುಗಳ ಮೂತಿಯಲ್ಲಿ ನಿಂತು ಮುಂದೇನಿದೆ ಎಂದು ನೋಡಿದವನು. ಹೃದಯ ಕೈಕೊಟ್ಟಿತ್ತು, ಬೇಸಿಗೆ ದಾಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಸ್ಮಶಾನದಲ್ಲಿ ಅವನಪ್ಪ ಕೊಂಡಿಟ್ಟ ಜಾಗವಿತ್ತು.

ಕತೆ ಕೇಳಿ ಎಕ್ ಹಲ್ಲಿಲ್ಲದ ಬಾಯಲ್ಲಿ ನಕ್ಕ.

"ಇಷ್ಟಕ್ಕೆ ಊರವರ ಕೆಮ್ಮು ಎಣಿಸ್ತಾ ಕೂತಿದ್ಯೇನೋ, ಮಂಕೆ? ನನ್ನ ಕೇಳ್ಬಾರ್ದಿತ್ತ?"

"ಸಾಯಿ ಅಂತ ಹೇಗೆ ಕೇಳ್ಲಿ ಎಕ್?"

"ಸಾಯೋದು ಹೇಗೂ ಇದ್ದದ್ದೇ. ಪಾಳಿ ತಗೊಳ್ತೀಯ ಅಂತ ಕೇಳು. ನಾನು ತಗೊಳ್ತೀನಿ. ನನ್ನ ಮಲಗು ಬಾ ಅಂತ ಕರೆಯೋರು ಯಾರೂ ಇಲ್ಲ. ದಿಬ್ಬದ ಮೇಲೆ, ಎದುರಿಗೆ ಕಡಲು, ತಲೆ ತಿನ್ನೋ ಕ್ಯಾಪ್ಟನ್ ಇಲ್ಲ. ಕಡಲು ಒಳಗೆ ಬಂದ ದಿನ ಎಲ್ಲರಿಗಿಂತ ಮೊದಲು ನಾನೇ ಕೂಗಿ ಹೇಳ್ತೀನಿ. ಆದ್ರೆ ಜೇಬಲ್ಲಿ ತಂಬಾಕು ಇಡ್ಬೇಕು."

ವಾಟಿ ಅವನ ಕೈ ಹಿಡಿದು ಅತ್ತುಬಿಟ್ಟ. ಮರುದಿನದಿಂದ ಕೃತಜ್ಞತೆಗೆ ದಿನಾ ಒಂದು ಡಬ್ಬಿ ಕುರಿಮಾಂಸ ಮತ್ತು ಬಾರ್ಲಿ ಹಾಕಿದ ಸಾರು ಒಯ್ಯತೊಡಗಿದ. ಅಲ್ಲೇ ಎಡವಟ್ಟಾಯಿತು. ಆಗಸ್ಟಿನಲ್ಲಿ ಎಕ್‌ನ ಕೆನ್ನೆ ತುಂಬಿಕೊಂಡಿತು. ಸೆಪ್ಟೆಂಬರಿನಲ್ಲಿ ಕೋಲು ಹಿಡಿದು ಮೊಗಸಾಲೆಯ ತನಕ ನಡೆದ. ಡಾಕ್ಟರು ಪವಾಡ ಎಂದರು.

"ನಿನ್ನ ಸಾರು ನಿಲ್ಸೋ ಮಾರಾಯ," ಎಂದ ಎಕ್. "ಬದುಕಿಬಿಡ್ತೀನಿ, ಆಮೇಲೆ ನನ್ನ ದೂರ್ಬೇಡ."

"ಬದುಕಿದ್ರೆ ಬದುಕು. ಹಸಿದ ಮನುಷ್ಯನ ಮುಂದೆ ಬರಿಗೈಲಿ ಬರೋಕೆ ನನಗಾಗಲ್ಲ."

"ಬಾತಿಯಾ ಗತಿ?"

ವಾಟಿ ಡಬ್ಬಿಯ ಮುಚ್ಚಳ ತೆರೆದ. ಅವನು ತಂದ ಸಾರೂ ಅಕ್ಟೋಬರ್ ತಿಂಗಳೂ ಎರಡೂ ಒಟ್ಟಿಗೇ ಖಾಲಿಯಾಗುತ್ತಿದ್ದವು.

ಇಪ್ಪತ್ತೆಂಟನೇ ತಾರೀಖು ಮಧ್ಯಾಹ್ನ ಎಕ್ ಎರಡು ಚಮಚ ಕುಡಿದು ಸಾಕೆಂದ. ಕಣ್ಣು ಮುಚ್ಚಲಿಲ್ಲ. ಹಾಸಿಗೆಯಲ್ಲಿ ನೆಟ್ಟಗೆ ಕೂತು, ಹಡಗಿನ ಮೂತಿಯಲ್ಲಿ ನಿಂತವನ ಹಾಗೆ ಗೋಡೆಯನ್ನು ದಿಟ್ಟಿಸಿದ.

"ಮುಂದೆ ಏನೋ ಇದೆ," ಎಂದ, ಹಳೆಯ ಕೂಗುವ ದನಿಯಲ್ಲಿ. "ಗೇಟು. ಹೆಂಗಸು. ನೀಲಿ ಕೋಟು."

ವಾಟಿ ಚಮಚ ಕೆಳಗಿಟ್ಟ. "ಏನು ಮಾಡ್ತಿದ್ದಾಳೆ ಎಕ್?"

"ಏನೂ ಮಾಡ್ತಿಲ್ಲ. ನಿಂತಿದ್ದಾಳೆ. ಕತ್ತು ಚಾಚಿದ್ದಾಳೆ." ಎಕ್ ಇನ್ನೂ ಮುಂದಕ್ಕೆ ಬಾಗಿದ. "ಅಯ್ಯೋ ವಾಟಿ, ಅವಳ ಕಣ್ಣು. ರೆಪ್ಪೇನೇ ಬಡೀತಿಲ್ಲ ಕಣೋ."

ಅದೇ ಅವನ ಕೊನೆಯ ವರದಿ.

ಶವಸಂಸ್ಕಾರ ಮೂವತ್ತೊಂದಕ್ಕೆ, ಮೂರು ಗಂಟೆಗೆ ನಿಶ್ಚಯವಾಯಿತು. ಅದಕ್ಕಿಂತ ಮುಂಚೆ ಕಾಗದಪತ್ರ ಆಗಲಿಲ್ಲ. ಗಡುವಿಗೆ ಒಂದು ಗಂಟೆ ಉಳಿದಿತ್ತು. ಸಾಕು ಎಂದರು ಎಲ್ಲರೂ. ಬೆಳಿಗ್ಗೆಯಿಂದಲೇ ಕಡಲ ಮಂಜು ಏರಿ ಬಂದು ಊರನ್ನು ನುಂಗಿತ್ತು. ಎಂಟು ಜನ ಪೆಟ್ಟಿಗೆ ಹೊತ್ತರು, ಪಾದ್ರಿಗಳು ಮುಂದೆ, ವಾಟಿ ಎಕ್‌ನ ಎಣ್ಣೆಬಟ್ಟೆಯ ಕೋಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ. ಜೇಬಿನಲ್ಲಿ ತಂಬಾಕು ಇತ್ತು.

ಗೇಟಿಗೆ ಅಡ್ಡಲಾಗಿ ಹಳದಿ ಪಟ್ಟಿ ಕಟ್ಟಿತ್ತು. ಪಟ್ಟಿಯ ಮುಂದೆ ಹೆಲ್ಮೆಟ್ ಹಾಕಿದ ಒಬ್ಬ ಅಧಿಕಾರಿ. ಹೆಸರು ಪಿರೀ, ಕೌನ್ಸಿಲಿನವನು, ಒಳನಾಡಿನಿಂದ ಹೊಸದಾಗಿ ಬಂದವನು, ಪಾಪ, ತುಂಬ ವಿನಯದವನು.

"ಕ್ಷಮಿಸಿ ಪಾದ್ರಿಗಳೇ, ಇಲ್ಲಿಂದ ಆಗಲ್ಲ. ಗೇಟಿನ ಕಮಾನು ಬಿರುಕು ಬಿಟ್ಟಿದೆ."

"ಅದು ನನ್ನಜ್ಜನ ಕಾಲದಿಂದ ಬಿರುಕು ಬಿಟ್ಟಿದೆ," ಎಂದ ವಾಟಿ.

"ಇರ್ಬಹುದು ಸರ್. ಆದ್ರೆ ಅಳತೆ ಮಾಡಿದ್ದು ಇವತ್ತು ಬೆಳಿಗ್ಗೆ. ಉತ್ತರದ ಗೋಡೆ ಬಿದ್ದಿದೆಯಲ್ಲ, ಅಗೆಯೋ ಯಂತ್ರ ಹೋದ ದಾರಿ, ಅಲ್ಲಿಂದ ತಗೊಂಡು ಹೋಗಿ. ಎರಡು ನಿಮಿಷ ಸುತ್ತು, ಅಷ್ಟೇ."

"ಅವನು ಗೇಟಿನಿಂದಲೇ ಹೋಗ್ಬೇಕು."

"ಯಾಕೆ ಸರ್?"

ಹೆಲ್ಮೆಟ್ ಹಾಕಿದ ಮನುಷ್ಯನಿಗೆ ಇಂಥದ್ದನ್ನು ಎಲ್ಲಿಂದ ಶುರುಮಾಡಿ ಹೇಳುವುದು? ಪಾದ್ರಿಗಳು ಗಡಿಯಾರ ನೋಡಿದರು, ಮೂರು ಹತ್ತು. ಹೊತ್ತವರ ಹೆಗಲು ಸೋಲುತ್ತಿತ್ತು. ಕಡೆಗೆ ಪೆಟ್ಟಿಗೆ ಉತ್ತರದ ಕಡೆಗೆ ತಿರುಗಿತು.

"ಬದುಕಿದ್ದಾಗ್ಲೂ ನನ್ನಲ್ಲಿಗೆ ಹಿಂಬಾಗಿಲಿಂದಲೇ ಬರ್ತಿದ್ದ," ಎಂದು ಡಾಡ್ ಪಿಸುಗುಟ್ಟಿದ. ನಗಿಸಲೆಂದು ಹೇಳಿದ್ದು; ಅವನಿಗೇ ನಗು ಬರಲಿಲ್ಲ.

ವಾಟಿ ಮಿನಾಳ ತೋಳು ಹಿಡಿದುಕೊಂಡ. "ಇದು ಲೆಕ್ಕಕ್ಕೆ ಬರುತ್ತಾ ಮಿನಾ?"

ಮಿನಾ ನಡೆಯುತ್ತಲೇ ಹೇಳಿದಳು. "ನಮ್ಮಜ್ಜಿ ಕಾಲದಲ್ಲಿ ಒಂದೇ ದಿನ ಎರಡು ಪೆಟ್ಟಿಗೆ ಬಂದ್ವಂತೆ. ಪಾಳಿ ಕೊನೆಯವರಿಗೆ ತಾನೇ, ಗೇಟಿನಲ್ಲಿ ನಾ ಮುಂದು ತಾ ಮುಂದು ಅಂತ ಬಡಿದಾಟ ಆಗಿ, ಒಂದು ಮನೆಯವರು ತಮ್ಮದನ್ನ ಗೋಡೆ ಮೇಲಿಂದ ಒಳಗೆ ದಾಟಿಸಿ ಮೊದಲು ಹೂತ್ರು. ಬರ್ಲಿಲ್ಲ ಲೆಕ್ಕಕ್ಕೆ. ಗೇಟಿಂದ ಬಂದೋರನ್ನೇ ಹಳಬರು ಎದುರುಗೊಂಡದ್ದು."

"ಹಾಗಾದ್ರೆ..."

"ಸುಮ್ನಿರು. ಅವಳು ಸಮಾಧಿಗಳನ್ನ ಕಾಪಾಡ್ತಿದ್ರೆ ಯಾವ ಕಡೆಯಿಂದ ಬಂದ್ರೂ ಅವಳಿಗೆ ಗೊತ್ತಾಗುತ್ತೆ. ಮನೆಗೆ ಯಾರಾದ್ರೂ ಹಿತ್ತಲಿಂದ ನುಗ್ಗಿದ್ರೆ ತಾಯಿಗೆ ಎಚ್ಚರ ಆಗಲ್ವ? ನಾನು ಹೇಳೋದು ನಿಜ ಆಗ್ಲಿ ಅಂತ ಬೇಡ್ಕೋ."

ಪೆಟ್ಟಿಗೆ ಇಳಿಸುವ ಎಂಟು ಹಗ್ಗಗಳಲ್ಲಿ, ಹತ್ತಿರದವರಿಗೆ ಸಲ್ಲುವ ಒಂದನೇ ನಂಬರಿನದು ವಾಟಿಯ ಕೈಯಲ್ಲಿತ್ತು, ಕೋಟು ತೋಳಿನ ಮೇಲೆ. ಎಕ್ ನಿಧಾನವಾಗಿ ಇಳಿದ. ಯಂತ್ರ ಮಣ್ಣು ನೂಕಿತು. ಆ ಸದ್ದಿಗೆ ದಿಬ್ಬದ ಕಡಲಹಕ್ಕಿಗಳೆಲ್ಲ ಎದ್ದು ಕಿರುಚಿದವು. ಎಲ್ಲ ಮುಗಿದಾಗ ಮೂರು ನಲವತ್ತು. ಕೋಟು ಬದಲಾಯಿಸಬೇಕು, ಆದರೆ ಕಾವಲುಮನೆ ಇರುವುದು ಹಳದಿ ಪಟ್ಟಿಯ ಒಳಗೆ, ಕಮಾನಿನ ಪಕ್ಕದಲ್ಲಿ, ಅಲ್ಲಿಗೆ ಯಾರೂ ಹೋಗುವ ಹಾಗಿಲ್ಲ. ವಾಟಿ ಎಕ್‌ನ ಕೋಟನ್ನು ಹಾಗೇ ಹಿಡಿದುಕೊಂಡು ಸುತ್ತು ಬಳಸಿ ಗೇಟಿನ ಹೊರಗೆ ಬಂದು ನಿಂತ. ಪಟ್ಟಿಯಾಚೆ ಮಂಜು ಬಿಟ್ಟರೆ ಅವನಿಗೆ ಏನೂ ಕಾಣಲಿಲ್ಲ.

"ಬಾತಿಯಾ," ಎಂದ. "ಬಂದಾಯ್ತು ಕಣೇ. ಎಕ್ ಬಂದಾಯ್ತು. ನಿನ್ನ ಹಿಂದೇನೇ ಇದ್ದಾನೆ. ಒಂದು ಸಲ ಹಿಂದೆ ತಿರುಗಿ ನೋಡು. ಒಂದೇ ಸಲ."

ಪಿರೀ ರಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಪಕ್ಕದಲ್ಲೇ ಗುರುತು ಹಾಕುತ್ತಿದ್ದ. ಈ ಮಾತು ಕೇಳಿ ಪೆನ್ನು ನಿಲ್ಲಿಸಿದ.

"ಓ, ಒಳಗಿರೋ ಆ ಅಮ್ಮ ನಿಮ್ಮ ಕಡೆಯವರಾ?"

ಅಷ್ಟು ಹೊತ್ತಿಗೆ ಬಂದು ಸೇರಿದ್ದ ಮಿನಾ ಗೇಟಿನ ಕಂಬವನ್ನು ಹಿಡಿದುಕೊಂಡಳು.

"ನೀಲಿ ಕೋಟಿನವರು," ಎಂದ ಪಿರೀ. "ಬೆಳಿಗ್ಗೆಯಿಂದ ಕರೀತಿದ್ದೀನಿ, ಅಪಾಯ ಇದೆ, ಹೊರಗೆ ಬನ್ನಿ ಅಂತ. ಕಿವಿ ಕೇಳಲ್ವ ಅವರಿಗೆ? ಮೊದಲು ನನ್ನನ್ನೇ ನೋಡ್ತಿದ್ದಾರೆ ಅಂದ್ಕೊಂಡೆ. ಇಲ್ಲ, ನನ್ನ ಹಿಂದೆ, ರಸ್ತೆ ನೋಡ್ತಿದ್ದಾರೆ. ಅಲ್ಲ ಸರ್, ಬೆನ್ನ ಹಿಂದೆ ಯಂತ್ರ ಅಷ್ಟು ಸದ್ದು ಮಾಡ್ತು, ಹಕ್ಕಿ ಎಲ್ಲ ಎದ್ದುಹೋದ್ವು, ಅವರು ಕತ್ತು ಕೂಡ ಅಲ್ಲಾಡಿಸ್ಲಿಲ್ಲ."

ಮಿನಾ ಕಂಬದಿಂದ ಕೈ ತೆಗೆದಳು. "ನೀನು ಹೇಳಿದ್ದೇ ಸರಿ ವಾಟಿ," ಎಂದಳು. "ದಾರಿನೇ ನೋಡ್ತಿದ್ದಾಳೆ. ಅವನು ಬಂದದ್ದು ಅವಳಿಗೆ ಗೊತ್ತೇ ಇಲ್ಲ."

ಎಕ್‌ನ ಕೋಟನ್ನು ಎದೆಗೆ ಒತ್ತಿಕೊಂಡು ವಾಟಿ ರಸ್ತೆಯ ಮೇಲೇ ಕೂತುಬಿಟ್ಟ. ನಾಲ್ಕಕ್ಕೆ ಇನ್ನು ಎಂಟು ನಿಮಿಷ ಇತ್ತು.

ಪಿರೀ ಕಾಗದ ಮಗುಚಿದ, ಮತ್ತೆ ಮಗುಚಿದ. ಹುಬ್ಬು ಗಂಟಿಕ್ಕಿತು. "ಇದೊಂದು ಪೇಚಾಟ ಆಯ್ತಲ್ಲ," ಎಂದ. "ಹದಿನಾಲ್ಕನೇ ಪ್ರಶ್ನೆ. ಆವರಣದ ಒಳಗೆ ಯಾರೂ ಇಲ್ಲ ಅಂತ ಕಣ್ಣಾರೆ ನೋಡಿ ದೃಢೀಕರಿಸಿದ್ದೀರಾ? ಹೌದು ಅಂತ ಹೇಗೆ ಬರೀಲಿ? ಕಣ್ಣೆದುರಿಗೇ ನಿಂತಿದ್ದಾರೆ."

"ಬರೀದಿದ್ರೆ ಏನಾಗುತ್ತೆ?" ಎಂದು ಮಿನಾ ಮೆಲ್ಲಗೆ ಕೇಳಿದಳು.

"ಬರೀದಿದ್ರೆ ಮುಚ್ಚೋ ಆದೇಶ ಜಾರಿಗೆ ಬರಲ್ಲ. ಅಷ್ಟೇ ಅಲ್ಲ, ಒಳಗೆ ಜನ ಇರೋವಾಗ ಇರೋ ಒಂದು ಗೇಟನ್ನ ಬಂದ್ ಮಾಡೋ ಹಾಗೂ ಇಲ್ಲ. ನಾಳೇನೇ ಕಮಾನಿಗೆ ಆಸರೆ ಕೊಟ್ಟು ಗೇಟು ತೆರೆದಿಡ್ಬೇಕು. ಸ್ಮಶಾನ ಮೊದಲು ಹೇಗಿತ್ತೋ ಹಾಗೇ ನಡೀತಿರುತ್ತೆ, ಹೂಳೋದೂ ಸೇರಿ." ಅವನು ನಿಟ್ಟುಸಿರು ಬಿಟ್ಟು ಹದಿನಾಲ್ಕನೇ ಪ್ರಶ್ನೆಯ ಮುಂದೆ ಇಲ್ಲ ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿದ. ಎಂಬತ್ತನಾಲ್ಕು ಪುಟದ ಯೋಜನೆ ಅಲ್ಲಿಗೆ ಸುವ್ಯವಸ್ಥಿತವಾಗಿ ವಿಶ್ರಾಂತಿಗೆ ಹೋಯಿತು.

ವಾಟಿ ತಲೆಯೆತ್ತಿದ. ತನ್ನ ಎಪ್ಪತ್ತೆಂಟು ವರ್ಷದ ಮಂಡಿ ಹಿಡಿದುಕೊಂಡು ಎದ್ದು, ಗೇಟಿನ ಅಗಲವನ್ನು, ಒಂದು ಪೆಟ್ಟಿಗೆ ಎಂಟು ಜನರ ಹೆಗಲ ಮೇಲೆ ಹೋಗುವಷ್ಟು ಅಗಲವನ್ನು, ಕಣ್ಣಲ್ಲೇ ಅಳೆದ.

"ಎಲ್ಲೀ ತನಕ ತೆರೆದಿರುತ್ತೆ?"

"ಅವರು ತಾವಾಗಿ ಅಲ್ಲಿಂದ ಹೋಗೋ ತನಕ," ಎಂದ ಪಿರೀ, ಪಟ್ಟಿ ಬಿಚ್ಚುತ್ತ.